ಗಿರಿಯ ಮಂಜಿಗೆ, ಬೇಲೂರಿನ ನೆರಳಿಗೆ: ಯಾವ ಎಕ್ಸ್‌ಪೋಷರ್ ದಾರಿ?

ನಿಮ್ಮ ಫೋಟೋಗಳಲ್ಲಿ ಮುಳ್ಳಯ್ಯನಗಿರಿಯ ಮಂಜು ಬೂದಿ ಬಣ್ಣಕ್ಕೆ, ಬೇಲೂರಿನ ಮದನಿಕೆಯ ಮುಖ ಕಪ್ಪಗೆ ಬರ್ತಿದೆ. ಎಕ್ಸ್‌ಪೋಷರ್, ಅಂದ್ರೆ ಫೋಟೋಗೆ ಬೀಳುವ ಬೆಳಕು, ಹೊಂದಿಸೋಕೆ ಕಾಂಪೆನ್ಸೇಷನ್ನೋ, ಸ್ಪಾಟ್ ಮೀಟರಿಂಗೋ, ಮ್ಯಾನುಯಲ್ಲೋ ಅಂತ ಕೇಳಿದ್ದೀರಿ. ಕ್ಯಾಮೆರಾ ಕೆಟ್ಟಿಲ್ಲ. ಅದರೊಳಗಿನ ಬೆಳಕು ಅಳೆಯುವ ಮೀಟರ್ ಎಲ್ಲವನ್ನೂ ನಡುಬೂದಿಗೆ ಎಳೆಯುತ್ತೆ, ಅಷ್ಟೇ.

ಬೇಗ ಆಗೋದು ಕಾಂಪೆನ್ಸೇಷನ್, ಅಂದ್ರೆ ಕ್ಯಾಮೆರಾ ಲೆಕ್ಕಕ್ಕಿಂತ ಬೆಳಕು ಹೆಚ್ಚು-ಕಡಿಮೆ ಮಾಡೋದು. ಮಂಜಿಗೆ +1 (ಎರಡರಷ್ಟು ಬೆಳಕು) ಕೊಟ್ಟು, ಹಿಸ್ಟೋಗ್ರಾಮ್ (ಫೋಟೋದ ಕಪ್ಪು-ಬಿಳುಪಿನ ಹಂಚಿಕೆ ತೋರಿಸುವ ನಕ್ಷೆ) ಬಲತುದಿಗೆ ಒತ್ತಿಕೊಳ್ಳದಂತೆ ನೋಡಿ. ಆಮೇಲೆ ಸೊನ್ನೆಗೆ ತರೋದು ಮರೀಬೇಡಿ. ನನ್ನ ಒಂದಿಡೀ ಬೆಳಗಿನ ಫೋಟೋಗಳು ಹಾಗೇ ಬೆಳ್ಳಗಾಗಿ ಹೋಗಿವೆ.

ಮದನಿಕೆಗೆ ನಾನು ಸ್ಪಾಟ್ ಅಂತಲೇ ಹೇಳ್ತೀನಿ, ಅಂದ್ರೆ ಒಂದು ಚುಕ್ಕಿಯಷ್ಟು ಜಾಗದ ಬೆಳಕನ್ನಷ್ಟೇ ಅಳೆಯೋದು. ಸೂರಿನಡಿ ನೆರಳು, ಹಿಂದೆ ಬೆಳಗುವ ಆಕಾಶ. ಕೆನ್ನೆಯ ಮೇಲೆ ಅಳೆದು, ಆ ಅಳತೆ ಹಿಡಿದಿಡುವ ಎಕ್ಸ್‌ಪೋಷರ್ ಲಾಕ್ ಒತ್ತಿ, ಆಮೇಲೆ ಚೌಕಟ್ಟು ಸರಿಮಾಡಿ. ಆಕಾಶ ಬಿಳಿಚಿದರೆ ಬಿಳಿಚಲಿ, ಕೆತ್ತನೆ ಉಳಿಯುತ್ತೆ. ತಾಳ್ಮೆ ಬೇಕು: ಚುಕ್ಕಿ ಕೊಂಚ ಜರುಗಿದರೂ ಅಳತೆ ಬದಲು.

ಮ್ಯಾನುಯಲ್, ಅಂದ್ರೆ ಎಲ್ಲವನ್ನೂ ಕೈಯಾರೆ ಹೊಂದಿಸೋದು, ಬೆಳಕು ಸ್ಥಿರವಾಗಿದ್ದಾಗ, ಪನೋರಮಾ ಜೋಡಿಸುವಾಗ ಒಳ್ಳೇದು. ಓಡುವ ಮಂಜಿನಲ್ಲಿ ಬರೀ ಡಯಲ್ ತಿರುಗಿಸೋದೇ ಆಗುತ್ತೆ.