ಅನ್ಸೆಲ್ಮ್, ಅಕ್ವಿನಾಸ್, ಒಕಾಮ್: ಮೊದಲು ಯಾರನ್ನು ಓದಬೇಕು?

ಈ ಮೂವರೂ ಮಧ್ಯಯುಗದ ಯುರೋಪಿನ ಕ್ರೈಸ್ತ ಚಿಂತಕರು. ನಂಬಿಕೆ ಮತ್ತು ವಿಚಾರಶಕ್ತಿಯ ಸಂಬಂಧವನ್ನು ತಿಳಿಯಲು ಬಿಡುವು ಕಡಿಮೆಯಿರುವವರು 1077-78ರ ಸುಮಾರಿಗೆ ಅನ್ಸೆಲ್ಮ್ ಬರೆದ ‘ಪ್ರೊಸ್ಲೋಜಿಯನ್’ ಹಿಡಿಯಬಹುದು; ಪ್ರಾರ್ಥನೆಯ ರೂಪದಲ್ಲಿರುವ ಈ ಕಿರುಕೃತಿಯು, ಯಾವುದಕ್ಕಿಂತ ಹಿರಿದಾದುದನ್ನು ಊಹಿಸಲಾಗದೋ ಅದು ಬರಿಯ ಮನಸ್ಸಿನಲ್ಲಷ್ಟೇ ಇರಲಾರದು ಎಂಬ ಒಂದೇ ವಾದದ ಮೇಲೆ ದೇವರ ಅಸ್ತಿತ್ವವನ್ನು ನಿಲ್ಲಿಸುತ್ತದೆ. ಅಕ್ವಿನಾಸ್ ಆ ವಾದವನ್ನು ಒಪ್ಪದೆ, ಚಲನೆ, ಕಾರಣ ಮುಂತಾದ ಲೋಕಾನುಭವಗಳಿಂದ ಹೊರಡುತ್ತಾನೆ: ದೇವರಿದ್ದಾನೆಂಬುದು ವಿಚಾರಕ್ಕೆ ನಿಲುಕುತ್ತದೆ, ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರೆಂಬ ತ್ರಿಯೇಕತ್ವವಾದರೋ ದೈವಪ್ರಕಟನೆಯಿಂದ, ಎಂದರೆ ದೇವರೇ ತಿಳಿಸಿಕೊಟ್ಟುದರಿಂದ ಮಾತ್ರ ತಿಳಿಯುತ್ತದೆ. ಆತನ ‘ಸುಮ್ಮಾ ಥಿಯಾಲಜಿಯೆ’ ಬೃಹತ್ತಾದರೂ, ಪ್ರತಿ ಪ್ರಶ್ನೆಗೂ ಮೊದಲು ಆಕ್ಷೇಪ, ಆಮೇಲೆ ಸಮಾಧಾನ ಇರುವುದರಿಂದ, ಪೂರ್ವಪಕ್ಷ-ಸಿದ್ಧಾಂತಗಳ ರೂಢಿಯುಳ್ಳ ನಮ್ಮವರಿಗೆ ಬೇಕಾದಲ್ಲಿಂದ ಓದಲು ಅನುಕೂಲ. ಅರಿವಿನ ಮಿತಿಯೇ ನಿಮ್ಮನ್ನು ಕಾಡುವ ಪ್ರಶ್ನೆಯಾದರೆ 14ನೆಯ ಶತಮಾನದ ಒಕಾಮ್ ಹೆಚ್ಚು ಹೊಂದುತ್ತಾನೆ. ದೇವರು ಒಬ್ಬನೇ ಎಂಬುದನ್ನೂ ತರ್ಕದಿಂದ ಖಚಿತವಾಗಿ ಸಾಧಿಸಲಾಗದೆಂದು ಆತ ಹೇಳುತ್ತಾನೆ. ತರ್ಕಶಾಸ್ತ್ರದ ಪರಿಚಯವಿಲ್ಲದವರಿಗೆ ಮಾತ್ರ ಆತನ ಬರಹ ಕಬ್ಬಿಣದ ಕಡಲೆ.