ಹಳೆಯ ಜೋಡಿ ಟರ್ನ್‌ಟೇಬಲ್ ಕೊಂಡವರು ತಟ್ಟೆ ಇಡುವ ಮೊದಲು ಇದನ್ನು ಓದಿ

ಹಳೆಯ ಜೋಡಿ ಟರ್ನ್‌ಟೇಬಲ್, ಅಂದರೆ ಗ್ರಾಮಫೋನ್ ತಟ್ಟೆ ತಿರುಗಿಸುವ ಎರಡು ಮಣೆಗಳಿರುವ ಪೆಟ್ಟಿಗೆಯೊಂದನ್ನು ಮನೆಗೆ ತಂದ ಮೂರನೆಯ ದಿನ, ನಮ್ಮ ಸೋದರತ್ತೆಯ ದನಿ ಉಳಿದಿದ್ದ ಏಕೈಕ ತಟ್ಟೆಯ ಒಂದು ಮಗ್ಗುಲನ್ನು ನಾನು ಕೈಯಾರೆ ಹಾಳು ಮಾಡಿದೆ. ಹಾಡು ಮುಗಿದ ಮೇಲೆ ಮುಳ್ಳನ್ನು ಎತ್ತಿ ನೋಡಿದಾಗ ಅದರ ತುದಿಗೆ ತಲೆಗೂದಲಿಗಿಂತ ತೆಳುವಾದ ಕಪ್ಪು ಎಳೆಯೊಂದು ಸುತ್ತಿಕೊಂಡು ನೇತಾಡುತ್ತಿತ್ತು. ಮೊದಲು ಅದನ್ನು ಧೂಳೆಂದುಕೊಂಡೆ. ಎರಡು ಬೆರಳಿನ ನಡುವೆ ಹಿಡಿದು ಎಳೆದಾಗ ಅದು ಸುರುಳಿಸುರುಳಿಯಾಗಿ ಬಿಚ್ಚಿಕೊಂಡಿತು. ಅದು ತಟ್ಟೆಯ ಮೈಯಿಂದಲೇ ಹೆರೆದು ಬಂದದ್ದು ಎಂದು ತಿಳಿಯುವ ಹೊತ್ತಿಗೆ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಇಂಥ ಪೆಟ್ಟಿಗೆಯನ್ನು ಕೊಳ್ಳಬೇಕೆಂದಿರುವವರಿಗೆ, ಅಥವಾ ಹಿರಿಯರ ಕಾಲದ್ದು ಮನೆಯಲ್ಲಿ ಸಿಕ್ಕಿ ನುಡಿಸಲು ಹೊರಟಿರುವವರಿಗೆ ಈ ನಷ್ಟ ಆಗಬಾರದೆಂದು ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ಪೆಟ್ಟಿಗೆ ನೋಡುವುದಕ್ಕೆ ಸೊಗಸಾಗಿತ್ತು. ತೇಗದ ಮರದ ಹೊದಿಕೆ, ಅದರ ಮೇಲೆ ಅಕ್ಕಪಕ್ಕದಲ್ಲಿ ಎರಡು ತಿರುಗುಮಣೆಗಳು, ನಡುವೆ ಒಂದರ ದನಿಯನ್ನು ತಗ್ಗಿಸಿ ಇನ್ನೊಂದರದನ್ನು ಏರಿಸುವ ದೊಡ್ಡ ಗುಂಡಿ, ಕೆಳಗೆ ಗಾಜಿನ ವಾಲ್ವ್‌ಗಳಿಂದ ದನಿಯನ್ನು ಹೆಚ್ಚಿಸುವ ವಾಲ್ವ್ ಆಂಪ್ಲಿಫೈಯರ್. ಮಾರಿದವರು ಇದು ಮೂಕಿ ಚಿತ್ರಗಳ ಕಾಲದ ಚಿತ್ರಮಂದಿರದ್ದೆಂದು ಹೇಳಿದರು. "ಎರಡೂ ಒಂದೇ ಜೋಡಿ, ಯಾವುದರಲ್ಲಿ ಹಾಕಿದರೂ ಒಂದೇ" ಎಂದೂ ಸೇರಿಸಿದರು. ಎರಡು ಮಾತೂ ಸುಳ್ಳಾಗಿದ್ದವು. ಅವರೂ ತಿಳಿಯದೆಯೇ ಹೇಳಿರಬಹುದಾದ್ದರಿಂದ ಅವರ ಮೇಲೆ ನನಗೆ ಸಿಟ್ಟಿಲ್ಲ, ಆದರೆ ಕಣ್ಣೆದುರಿಗೇ ಇದ್ದ ಗುರುತುಗಳನ್ನು ನಾನು ಓದಲಿಲ್ಲವೆಂಬ ಸಂಕಟ ಇಂದಿಗೂ ಇದೆ.

ಮೊದಲನೆಯ ಗುರುತು ವೇಗ ಬದಲಿಸುವ ಸನ್ನೆಯ ಮೇಲೆಯೇ ಇತ್ತು. ಅದರಲ್ಲಿ 78ರ ಜೊತೆಗೆ 33 ಮತ್ತು 45 ಎಂಬ ಅಂಕಿಗಳಿದ್ದವು. ನಿಮಿಷಕ್ಕೆ 33⅓ ಸುತ್ತಿನ ವಿನೈಲ್ ಎಲ್‌ಪಿ, ಅಂದರೆ ಹೆಚ್ಚು ಹೊತ್ತು ನುಡಿಯುವ ಪ್ಲಾಸ್ಟಿಕ್ ತಟ್ಟೆ, ಮಾರುಕಟ್ಟೆಗೆ ಬಂದದ್ದು 1948ರಲ್ಲಿ, 45 ಸುತ್ತಿನ ತಟ್ಟೆ ಬಂದದ್ದು 1949ರಲ್ಲಿ. ಆದ್ದರಿಂದ 45 ಎಂಬ ಅಂಕಿಯಿರುವ ಯಾವ ಯಂತ್ರವೂ ಮೂಕಿ ಚಿತ್ರಗಳ ಕಾಲದ್ದಾಗಿರಲು ಸಾಧ್ಯವಿಲ್ಲ. ಚಿತ್ರಮಂದಿರಗಳಲ್ಲಿ 1920ರ ದಶಕದ ಕೊನೆಯಲ್ಲಿ ಜೋಡಿ ಟರ್ನ್‌ಟೇಬಲ್‌ಗಳಿದ್ದುದು ನಿಜ. 78 ಸುತ್ತಿನ ಹತ್ತು ಇಂಚಿನ ತಟ್ಟೆಯ ಒಂದು ಮಗ್ಗುಲು ಮೂರು ನಿಮಿಷದ ಆಸುಪಾಸಿನಲ್ಲಿ ಮುಗಿದುಹೋಗುತ್ತಿದ್ದುದರಿಂದ, ಸಂಗೀತ ಕಡಿಯದಂತೆ ನೋಡಿಕೊಳ್ಳಲು ಎರಡು ಮಣೆಗಳು ಬೇಕಾಗುತ್ತಿದ್ದವು. ಅದೇ ಕಾರಣಕ್ಕೆ ಮುಂದೆ ರೇಡಿಯೊ ನಿಲಯಗಳೂ ನೃತ್ಯಶಾಲೆಗಳೂ ಇವನ್ನು ಇಟ್ಟುಕೊಂಡವು. ರೇಡಿಯೊ ನಿಲಯದ ಮಣೆಗಳು ಹದಿನಾರು ಇಂಚಿನ ತಟ್ಟೆಯನ್ನೂ ಹೊರುವಂತೆ ಅಗಲವಾಗಿರುವುದುಂಟು. ನಾನು ತಂದದ್ದು ಇವಾವುವೂ ಅಲ್ಲ, 1950ರ ದಶಕದಲ್ಲಿ ಸಭಾಂಗಣದ ಬಳಕೆಗೆಂದು ಜೋಡಿಸಿದ ಪೆಟ್ಟಿಗೆ. ಅದರ ಬಲಗಡೆಯ ಯಂತ್ರವನ್ನು ಯಾವಾಗಲೋ ಯಾರೋ ಬೇರೊಂದು ಕಡೆಯಿಂದ ತಂದು ಕೂರಿಸಿದ್ದರು.

ಬಲಗಡೆಯದು ಬೇರೆಯದೆಂದು ಕಂಡುಹಿಡಿದವರು ಹಳೆಯ ರೇಡಿಯೊ ರಿಪೇರಿ ಮಾಡುವ ಹಿರಿಯರೊಬ್ಬರು. ಅವರು ಪೆಟ್ಟಿಗೆಯನ್ನು ಬಿಚ್ಚುವ ಮೊದಲೇ ಎರಡೂ ಮಣೆಗಳ ಅಂಚಿಗೆ ಒಂದೊಂದು ಕಾಗದದ ಚೂರು ಅಂಟಿಸಿ, 33ರ ವೇಗಕ್ಕಿಟ್ಟು, ಗಡಿಯಾರ ಹಿಡಿದು ಸುತ್ತುಗಳನ್ನು ಎಣಿಸಿದರು. ಮೂರು ನಿಮಿಷಕ್ಕೆ ಸರಿಯಾಗಿ ನೂರು ಸುತ್ತು ಬರಬೇಕು. ಎಡಗಡೆಯದು ನೂರು ಸುತ್ತಿತು, ಬಲಗಡೆಯದು ಎಂಬತ್ತಮೂರಕ್ಕೆ ನಿಂತಿತು. ಎಂಬತ್ತಮೂರು ಎಂದೊಡನೆಯೇ ಅವರು ತಲೆಯಾಡಿಸಿ, ಇದು ಎಣ್ಣೆ ಹಾಕಿದರೆ ಸರಿಹೋಗುವ ದೋಷವಲ್ಲ ಎಂದರು. ನೂರಕ್ಕೂ ಎಂಬತ್ತಮೂರಕ್ಕೂ ಇರುವ ಅನುಪಾತ 60 ಹರ್ಟ್ಸ್‌ಗೂ 50 ಹರ್ಟ್ಸ್‌ಗೂ ಇರುವ ಅನುಪಾತವೇ ಆಗಿದೆ. ಈ ಬಗೆಯ ಮೋಟಾರುಗಳ ವೇಗವನ್ನು ನಿರ್ಧರಿಸುವುದು ಮುಖ್ಯವಾಗಿ ವಿದ್ಯುತ್ತಿನ ಆವರ್ತನ, ಅಂದರೆ ಹರ್ಟ್ಸ್‌ನಲ್ಲಿ ಅಳೆಯುವ, ಸೆಕೆಂಡಿಗೆ ಎಷ್ಟು ಆವೃತ್ತಿ ಎಂಬ ಲೆಕ್ಕ. 60 ಹರ್ಟ್ಸ್ ವಿದ್ಯುತ್ತಿರುವ ದೇಶಕ್ಕಾಗಿ ತಯಾರಾದ ಯಂತ್ರ ನಮ್ಮಲ್ಲಿಯಂತೆ 50 ಹರ್ಟ್ಸ್ ಇರುವಲ್ಲಿ 33⅓ರ ಬದಲು ಸುಮಾರು 27.8, 78ರ ಬದಲು 65 ಸುತ್ತು ತಿರುಗುತ್ತದೆ. ಪೆಟ್ಟಿಗೆಯೊಳಗೆ ಬಲಗಡೆಯ ಮೋಟಾರಿಗೆ ಮಾತ್ರ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಜೋಡಿಸಿದ್ದರು. ಅದು ವೋಲ್ಟೇಜನ್ನು ಇಳಿಸಬಲ್ಲದೇ ಹೊರತು ಆವರ್ತನವನ್ನು ಬದಲಿಸಲಾರದು. ವೇಗ ಸರಿಪಡಿಸಲು ಮೋಟಾರಿನ ದಂಡಕ್ಕಿರುವ ಮೆಟ್ಟಿಲುಮೆಟ್ಟಿಲಾದ ಪುಲ್ಲಿಯನ್ನೇ ಬದಲಿಸಬೇಕು, ಅದು ಸಿಗುವುದು ಸುಲಭವಲ್ಲ.

ನನಗೆ ಇದು ಕಿವಿಯಿಂದಲೇ ತಿಳಿಯಬೇಕಿತ್ತು. ಅತ್ತೆಯ ತಟ್ಟೆಯನ್ನು ನಾನು ಇಟ್ಟದ್ದು ಆ ಬಲಗಡೆಯ ಮಣೆಯ ಮೇಲೆಯೇ. ಶ್ರುತಿ ಮೂರು ಸ್ವರಸ್ಥಾನಗಳಷ್ಟು ಕೆಳಗಿಳಿದು, ಅತ್ತೆಯ ದನಿ ಗಂಡುದನಿಯಂತೆ ಭಾರವಾಗಿ ಕೇಳಿಸಿತ್ತು. ಬಹಳ ವರ್ಷಗಳ ಮೇಲೆ ಕೇಳುತ್ತಿದ್ದೇನೆ, ನೆನಪೇ ಮಾಸಿರಬೇಕು ಎಂದುಕೊಂಡು ತಟ್ಟೆಯನ್ನು ಕೊನೆಯವರೆಗೂ ಓಡಲು ಬಿಟ್ಟೆ.

ವೇಗ ತಪ್ಪಿದರೆ ದನಿ ಕೆಡುತ್ತದೆ, ತಟ್ಟೆ ಕೆಡುವುದಿಲ್ಲ. ತಟ್ಟೆಯನ್ನು ಕೆಡಿಸಿದ್ದು ಮುಳ್ಳು ಮತ್ತು ಅದರ ಭಾರ. ಮುಳ್ಳನ್ನು ಹಿಡಿದು ಅದರ ಕಂಪನವನ್ನು ವಿದ್ಯುತ್ತಾಗಿಸುವ ಭಾಗಕ್ಕೆ ಕಾರ್ಟ್ರಿಜ್ ಎನ್ನುತ್ತಾರೆ. ಆ ಕಾಲದ ಅನೇಕ ಕಾರ್ಟ್ರಿಜ್‌ಗಳಲ್ಲಿ ಎರಡು ಮುಳ್ಳುಗಳಿರುತ್ತವೆ, ಚಿಕ್ಕ ಸನ್ನೆಯನ್ನು ತಿರುಗಿಸಿದರೆ ಒಂದರ ಬದಲು ಇನ್ನೊಂದು ಕೆಳಗೆ ಬರುತ್ತದೆ. 78 ಸುತ್ತಿನ ಅರಗಿನ ತಟ್ಟೆಗೆ ಬೇಕಾದ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 75 ಮೈಕ್ರಾನ್, ಮೊದಲ ಕಾಲದ ಎಲ್‌ಪಿಗೆ ಬೇಕಾದದ್ದು ಸುಮಾರು 25 ಮೈಕ್ರಾನ್, ಸ್ಟೀರಿಯೊ ಎಲ್‌ಪಿಗೆ ಅದಕ್ಕಿಂತಲೂ ಸಣ್ಣದು. ದಪ್ಪ ಮುಳ್ಳು ಎಲ್‌ಪಿಯ ಗೆರೆಯೊಳಗೆ ಇಳಿಯದೆ ಅಂಚನ್ನು ಉಜ್ಜುತ್ತದೆ, ಸಣ್ಣ ಮುಳ್ಳು 78ರ ಅಗಲವಾದ ಗೆರೆಯ ತಳದಲ್ಲಿ ಎಳೆದಾಡುತ್ತದೆ. ನನ್ನ ಯಂತ್ರದ ಬಲಗಡೆಯ ಮುಳ್ಳಂತೂ ಚಕ್ಕೆ ಎದ್ದಿತ್ತು. ಭೂತಗನ್ನಡಿಯಲ್ಲಿ ನೋಡಿದಾಗ ದುಂಡಗಿರಬೇಕಾದ ತುದಿ ಮುರಿದ ಉಳಿಯಂತೆ ಕಾಣಿಸಿತು. ಸಾಲದ್ದಕ್ಕೆ, ಮುಳ್ಳನ್ನು ಹೊತ್ತ ತೋಳಿನ ಭಾರವನ್ನು ಹೊರಬೇಕಾದ ಸ್ಪ್ರಿಂಗ್ ಬುಡದಲ್ಲಿ ತುಂಡಾಗಿತ್ತು. ಭಾರ ಅಳೆಯುವ ಚಿಕ್ಕ ತಕ್ಕಡಿಯಲ್ಲಿ ಅದು 18 ಗ್ರಾಂ ತೋರಿಸಿತು. ಅಂದಿನ ಕ್ರಿಸ್ಟಲ್ ಕಾರ್ಟ್ರಿಜ್‌ಗಳು ಎಂಟು ಹತ್ತು ಗ್ರಾಂ ಭಾರ ಹಾಕುವುದು ಸಾಮಾನ್ಯವೇ ಆಗಿತ್ತು, ಇಂದಿನ ಮ್ಯಾಗ್ನೆಟಿಕ್ ಕಾರ್ಟ್ರಿಜ್‌ಗಳಿಗೆ ಎರಡು ಮೂರು ಗ್ರಾಂ ಸಾಕು.

ನಮ್ಮ ಅತ್ತೆಯ ತಟ್ಟೆ ಅರಗಿನದೂ ಅಲ್ಲ, ವಿನೈಲ್‌ನದೂ ಅಲ್ಲ. ಅಲ್ಯುಮಿನಿಯಂ ಹಾಳೆಗೆ ಮೆರುಗೆಣ್ಣೆಯಂಥ ಲ್ಯಾಕರ್ ಬಳಿದು, ಅದರ ಮೇಲೆ ನೇರವಾಗಿ ದನಿಯನ್ನು ಕೊರೆದಿದ್ದ ತಟ್ಟೆ. ಇಂಥವುಗಳಿಗೆ ಸಾಮಾನ್ಯವಾಗಿ ಪ್ರತಿಯೇ ಇರುವುದಿಲ್ಲ. ನಡುವಿನ ತೂತಿನ ಅಂಚಿನಲ್ಲಿ ಲೋಹ ಮಿನುಗಿದರೆ, ಆ ತೂತಿನ ಪಕ್ಕದಲ್ಲಿ ಇನ್ನೂ ಒಂದೆರಡು ತೂತುಗಳಿದ್ದರೆ, ಚೀಟಿಯ ಮೇಲೆ ಅಚ್ಚಿನ ಬದಲು ಕೈಬರಹವಿದ್ದರೆ ಅದು ಲ್ಯಾಕರ್ ತಟ್ಟೆಯೆಂದು ತಿಳಿದು ಪಕ್ಕಕ್ಕಿಡಿ. ಹಗುರವಾದ ಒಳ್ಳೆಯ ಮುಳ್ಳಿನಲ್ಲಿ ನುಡಿಸಿದರೂ ಅದು ಪ್ರತಿಸಲವೂ ಅಷ್ಟಷ್ಟು ಸವೆಯುತ್ತದೆ. 18 ಗ್ರಾಂ ಭಾರದ ಚಕ್ಕೆಯೆದ್ದ ಮುಳ್ಳಿಗೆ ಅದು ಬೆಣ್ಣೆಯಿದ್ದಂತೆ.

ಅಂಗಡಿಯಲ್ಲಿ ಎರಡು ತಿರುಗುಮಣೆಗಳು ಒಂದೇ ಬಣ್ಣದಲ್ಲಿ ಕಂಡರೂ ಅವನ್ನು ಎರಡು ಬೇರೆ ಯಂತ್ರಗಳೆಂದೇ ಭಾವಿಸಿ ಒಂದೊಂದನ್ನೂ ಪರೀಕ್ಷಿಸಿ. ಮೋಟಾರಿನ ಮೇಲಿನ ಲೋಹದ ಚೀಟಿಯಲ್ಲಿ ವೋಲ್ಟೇಜ್ ಮಾತ್ರವಲ್ಲದೆ ಹರ್ಟ್ಸ್ ಅಥವಾ ಸೈಕಲ್ ಎಂದು ಬರೆದಿರುವುದನ್ನೂ ಓದಿ. ಮಣೆಯನ್ನು ಎತ್ತಿದರೆ ಒಳಗೆ ಕಾಣುವ ರಬ್ಬರ್ ಗಾಲಿಯನ್ನು ಬೆರಳಿನಿಂದ ಒತ್ತಿ ನೋಡಿ. ಅದು ಕಲ್ಲಿನಂತೆ ಗಟ್ಟಿಯಾಗಿದ್ದರೆ, ಅಥವಾ ಒಂದೇ ಕಡೆ ತಗ್ಗು ಬಿದ್ದಿದ್ದರೆ, ಗಾಲಿಯ ಪ್ರತಿ ಸುತ್ತಿಗೂ ದಡ್ ದಡ್ ಎಂಬ ಸದ್ದು ಹಾಡಿನೊಳಗೆ ಸೇರಿಕೊಳ್ಳುತ್ತದೆ. ಕಾರ್ಟ್ರಿಜ್‌ನ ಹಿಂದೆ ನಾಲ್ಕು ತಂತಿಗಳಿದ್ದರೆ ಸಾಮಾನ್ಯವಾಗಿ ಅದು ಸ್ಟೀರಿಯೊ, ಎರಡೇ ಇದ್ದರೆ ಮೊನೊ. ಹಳೆಯ ಮೊನೊ ಕಾರ್ಟ್ರಿಜ್‌ನ ಮುಳ್ಳು ಮೇಲೆಕೆಳಗೆ ಸಡಿಲವಾಗಿ ಆಡುವುದಿಲ್ಲವಾದ್ದರಿಂದ ಸ್ಟೀರಿಯೊ ತಟ್ಟೆಯ ಗೆರೆಗಳನ್ನು ಸವೆಸುತ್ತದೆ.

ವಿದ್ಯುತ್ತಿನ ವಿಷಯವನ್ನು ಹೇಳದೆ ಬಿಡಲಾರೆ. ಪೆಟ್ಟಿಗೆಯನ್ನು ತಂದ ದಿನವೇ ನೇರವಾಗಿ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದ್ದೆ, ಲೋಹದ ತೋಳನ್ನು ಮುಟ್ಟಿದಾಗ ಬೆರಳು ಜುಮ್ಮೆಂದಿತ್ತು. ಅರ್ಥಿಂಗ್ ಇಲ್ಲದ ಎರಡು ಕಡ್ಡಿಯ ಪ್ಲಗ್, ಬಿರುಕು ಬಿಟ್ಟ ರಬ್ಬರ್ ತಂತಿ, ಸೋರುವ ಕಾಗದದ ಕೆಪಾಸಿಟರ್‌ಗಳು ಸೇರಿದರೆ ಪ್ರಾಣಕ್ಕೇ ಅಪಾಯ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ. ವಾಲ್ವ್ ಯಂತ್ರಗಳನ್ನು ಬಲ್ಲವರು ಒಳಗೆ ನೋಡಿ ಒಪ್ಪುವವರೆಗೆ ಅದನ್ನು ಚಾಲೂ ಮಾಡಲೇಬೇಡಿ.

ಈಗ ಎಡಗಡೆಯ ಯಂತ್ರಕ್ಕೆ ಹೊಸ ಮುಳ್ಳು, ಹೊಸ ರಬ್ಬರ್ ಗಾಲಿ ಬಂದಿವೆ, ಅದರಲ್ಲಿ ಸಾಧಾರಣವಾದ 78ರ ತಟ್ಟೆಗಳನ್ನಷ್ಟೇ ಕೇಳುತ್ತೇನೆ. ಬಲಗಡೆಯದರ ಕಾರ್ಟ್ರಿಜ್ ಕಳಚಿ, ಮನೆಯಲ್ಲಿ ಬೇರಾರೂ ತಿಳಿಯದೆ ತಟ್ಟೆ ಇಡದಂತೆ ತೋಳನ್ನು ದಾರದಿಂದ ಕಟ್ಟಿದ್ದೇನೆ. ಅತ್ತೆಯ ತಟ್ಟೆಯ ಇನ್ನೊಂದು ಮಗ್ಗುಲನ್ನು, ಹಳೆಯ ತಟ್ಟೆಗಳನ್ನು ಡಿಜಿಟಲ್‌ಗೆ ಇಳಿಸಿಕೊಡುವವರೊಬ್ಬರು ತಕ್ಕ ಮುಳ್ಳು ಹಾಕಿ ಒಂದೇ ಒಂದು ಸಲ ನುಡಿಸಿ ಉಳಿಸಿಕೊಟ್ಟರು. ಅದರಲ್ಲಿ ಅತ್ತೆಯ ದನಿ ಅದರದೇ ಶ್ರುತಿಯಲ್ಲಿದೆ. ಮೊದಲ ಮಗ್ಗುಲಿನಲ್ಲಿ ಪಲ್ಲವಿಯ ಎರಡು ಸಾಲುಗಳಾದ ಮೇಲೆ ಉಳಿದಿರುವುದು ಬರೀ ಕರಕರ ಸದ್ದು.