ಸಂತೆ ರಿಪೀಟರ್, ಮೂಕ ರಿಪೀಟರ್: ಒಂದು ಮಳೆಗಾಲ ಎರಡನ್ನೂ ಕೇಳಿದ ಮೇಲೆ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆ ಮಾಡಿನ ಪಕ್ಕ ಬಿದಿರು ಗಳಕ್ಕೆ ಕಟ್ಟಿದ ಒಂದು ಯಾಗಿ ಆಂಟೆನಾ ಇದೆ. ಪಶ್ಚಿಮಕ್ಕೆ ತಿರುಗಿಸಿದರೆ ಘಟ್ಟದ ಕೆಳಗಿನ ಒಂದು ರಿಪೀಟರ್ (ನಮ್ಮ ರೇಡಿಯೋ ಮಾತನ್ನು ಹಿಡಿದು ದೂರಕ್ಕೆ ಮತ್ತೆ ಕಳಿಸುವ ಯಂತ್ರ) ಹೇಗೋ ಸಿಗುತ್ತದೆ. ಉತ್ತರಕ್ಕೆ ತಿರುಗಿಸಿದರೆ ಹವ್ಯಾಸಕ್ಕೆ ಲೈಸೆನ್ಸ್ ಪಡೆದು ರೇಡಿಯೋದಲ್ಲಿ ಮಾತಾಡುವ ನಾವು ಐದಾರು ಹ್ಯಾಮ್‌ಗಳು ಸೇರಿ ಗುಡ್ಡದ ಮೇಲೆ ಇಟ್ಟಿರುವ ಸಣ್ಣದು ಸಿಗುತ್ತದೆ. ಮೊದಲನೆಯದು ಸಂತೆ. ಎರಡನೆಯದು ಮಧ್ಯಾಹ್ನ ಮೂರು ಗಂಟೆಯ ಪೋಸ್ಟ್ ಆಫೀಸು.

ಯಾವುದು ಒಳ್ಳೆಯದು ಎಂದು ನಮ್ಮಲ್ಲಿ ಯಾವಾಗಲೂ ಜಗಳ. ಹಾಗಾಗಿ ಈ ಮಳೆಗಾಲ ಎರಡನ್ನೂ ಬೇಕಂತಲೇ ಕೇಳಿದೆ.

ಗೊತ್ತಿಲ್ಲದವರಿಗೆ ಎರಡೇ ಮಾತು. 2 ಮೀಟರ್ ಬ್ಯಾಂಡಿನಲ್ಲಿ (144 ಮೆಗಾಹರ್ಟ್ಸ್ ಆಸುಪಾಸು) ನಾವು ಸಾಮಾನ್ಯವಾಗಿ ರಿಪೀಟರ್ ಕಳಿಸುವ ಫ್ರೀಕ್ವೆನ್ಸಿಗಿಂತ 600 ಕಿಲೋಹರ್ಟ್ಸ್ ಕೆಳಗೆ ಮಾತಾಡುತ್ತೇವೆ, ರಿಪೀಟರ್ ಅದನ್ನು ಕೇಳಿ ಮೇಲಿನ ಫ್ರೀಕ್ವೆನ್ಸಿಯಲ್ಲಿ ಜೋರಾಗಿ ಕಳಿಸುತ್ತದೆ. ಒಂದು ಸಲಕ್ಕೆ ಒಬ್ಬರೇ. ಬಾವಿಗೆ ಒಂದೇ ಕೊಡ ಇದ್ದ ಹಾಗೆ.

ಸಂತೆ ರಿಪೀಟರ್ ಮೊದಲು. ಅದನ್ನು ಇಂಟರ್ನೆಟ್ ಮೂಲಕ ಇನ್ನೊಂದು ಊರಿನದಕ್ಕೆ ಜೋಡಿಸಿದ್ದಾರೆ, ಬೆಳಿಗ್ಗೆ ಆರಕ್ಕೆ ಶುರುವಾದ ನೆಟ್ (ಗೊತ್ತಾದ ಹೊತ್ತಿಗೆ ಎಲ್ಲರೂ ಸೇರಿ ಮಾತಾಡುವ ಕೂಟ) ತಿಂಡಿ ಹೊತ್ತಿಗೂ ಮುಗಿದಿರುವುದಿಲ್ಲ. ಸುಳ್ಳು ಯಾಕೆ ಹೇಳಲಿ, ಹೊಸಬನಾಗಿದ್ದಾಗ ನಾನು ಮಾತು ಕಲಿತದ್ದು ಅಲ್ಲೇ. ಕಾಲ್‌ಸೈನ್ (ಲೈಸೆನ್ಸಿನ ಗುರುತು) ಹೇಗೆ ಹೇಳಬೇಕು, ಎಲ್ಲಿ ನಿಲ್ಲಿಸಬೇಕು, ಸೆವೆಂಟಿ ಥ್ರೀ ಅಂತ ವಿದಾಯ ಹೇಳಿದ ಮೇಲೂ ಹದಿನೈದು ನಿಮಿಷ ಹೇಗೆ ಮಾತಾಡಬೇಕು, ಎಲ್ಲಾ ಕೇಳಿ ಕೇಳಿಯೇ ಬಂತು.

ಆದರೆ ಜುಲೈನಲ್ಲಿ ಒಂದು ದಿನ ಉಡುಪಿಗೆ ಹೋಗುವಾಗ ಆಗುಂಬೆ ಘಾಟಿಯಲ್ಲಿ ಮರ ಬಿತ್ತು. ಅಲ್ಲಿ ಇರುವುದೇ 14 ಹೇರ್‌ಪಿನ್ ತಿರುವು, ನಾನು ನಿಂತಿದ್ದು ಮೇಲಿನಿಂದ ಐದನೆಯದರಲ್ಲಿ, ಮುಂದೆ ಒಂದು ಬಸ್ಸು, ಹಿಂದೆ ಮೂರು ಕಾರು, ಫೋನಿಗೆ ನೆಟ್‌ವರ್ಕ್ ಇಲ್ಲ. ಕೈಯಲ್ಲಿ 5 ವ್ಯಾಟಿನ ಹ್ಯಾಂಡಿ ರೇಡಿಯೋ. ‘ಬ್ರೇಕ್, ಬ್ರೇಕ್’ ಎಂದು ಮಾತಿನ ನಡುವೆ ಜಾಗ ಕೇಳಿದೆ. ಒಬ್ಬರ ಮಾತು ಮುಗಿದು ಬೀಪ್ ಬರುವ ಮೊದಲೇ ಇನ್ನೊಬ್ಬರು ಪಿಟಿಟಿ (ಮಾತಾಡುವ ಬಟನ್) ಒತ್ತುತ್ತಿದ್ದರು. ನಮ್ಮ ರೇಡಿಯೋ ಬಳಸುವ ಎಫ್‌ಎಂನ ಗುಣವೇ ಹಾಗೆ: ಇಬ್ಬರು ಒಟ್ಟಿಗೆ ಒತ್ತಿದರೆ ಜೋರಿನ ಸಿಗ್ನಲ್ ಗೆಲ್ಲುತ್ತದೆ, ಸಣ್ಣದು ಇತ್ತು ಅಂತಲೇ ಗೊತ್ತಾಗುವುದಿಲ್ಲ. ಸುಮಾರು ಹತ್ತು ನಿಮಿಷ ಯಾರದೋ ಹೊಸ ಪವರ್ ಸಪ್ಲೈ ಪುರಾಣ ಕೇಳುತ್ತಾ ನಿಂತೆ. ನನ್ನ ದನಿ ಅವರಿಗೆ ಸಿಕ್ಕುವಷ್ಟರಲ್ಲಿ ಬಸ್ಸಿನವರೇ ಕತ್ತಿ ತಂದು ಕೊಂಬೆ ಕಡಿಯುತ್ತಿದ್ದರು.

ಹಾಗಾದರೆ ಮೂಕ ರಿಪೀಟರ್ ವಾಸಿ ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ವಾರ ಅಡುಗೆಮನೆಯಲ್ಲಿ ರೇಡಿಯೋ ಇಟ್ಟು ನೋಟ್‌ಬುಕ್ಕಿನಲ್ಲಿ ಗೀಟು ಹಾಕಿದೆ. ಏಳು ದಿನಕ್ಕೆ ಒಟ್ಟು ಸುಮಾರು 40 ನಿಮಿಷ ಮಾತು, ಅದರಲ್ಲಿ ಅರ್ಧ ನನ್ನದೇ. ಉತ್ತರ ಬರುವುದಿಲ್ಲ ಎಂದು ಯಾರೂ ಕರೆಯುವುದಿಲ್ಲ, ಯಾರೂ ಕರೆಯುವುದಿಲ್ಲ ಎಂದು ಯಾರೂ ರೇಡಿಯೋ ಹಾಕುವುದಿಲ್ಲ. ಆಗಸ್ಟಿನಲ್ಲಿ ಇನ್ನೂ ದೊಡ್ಡ ಮರ್ಯಾದೆ ಹೋಯಿತು. ಆಂಟೆನಾ ಕನೆಕ್ಟರಿಗೆ ಸುತ್ತಿದ ಟೇಪು ಬಿಟ್ಟು ಕೇಬಲ್ ಒಳಗೆ ನೀರು ಇಳಿದಿತ್ತು, ರಿಪೀಟರ್ ಹೆಚ್ಚುಕಮ್ಮಿ ಸತ್ತಿತ್ತು, ಅದು ನಮಗೆ ಗೊತ್ತಾಗಿದ್ದು ನಾಲ್ಕು ದಿನದ ಮೇಲೆ. ಟೇಪು ಸುತ್ತಿದವನು ನಾನೇ, ಆ ಮಾತು ಬೇರೆ. ಬಿಚ್ಚಿದಾಗ ಹಿತ್ತಾಳೆಯೆಲ್ಲಾ ಹಸಿರು ಕಟ್ಟಿತ್ತು, ಕೇಬಲ್ ಬಗ್ಗಿಸಿದರೆ ತೊಟ್ಟು ತೊಟ್ಟಾಗಿ ನೀರು. ಗಿಜಿಗುಟ್ಟುವ ರಿಪೀಟರ್ ಆಗಿದ್ದರೆ ಹತ್ತು ನಿಮಿಷದಲ್ಲಿ ಹತ್ತು ಜನ ಬೊಬ್ಬೆ ಹಾಕುತ್ತಿದ್ದರು.

ರಿಪೀಟರೇ ಬೇಡ, 145.500 ಮೆಗಾಹರ್ಟ್ಸಿನಲ್ಲಿ ನೇರ ಮಾತಾಡೋಣ ಎಂದೂ ನೋಡಿದೆವು. ನಡುವೆ ಒಂದು ಗುಡ್ಡ ಬಂದರೆ ಮುಗಿಯಿತು. ನಮ್ಮಲ್ಲಿ ಯಾವ ಎರಡು ಮನೆ ನಡುವೆ ಗುಡ್ಡ ಇಲ್ಲ ಹೇಳಿ.

ಜನ ಮರೆಯುವ ವಿಷಯ ಬ್ಯಾಟರಿಯದ್ದು. ನಮ್ಮದು 25 ವ್ಯಾಟ್. ಮಾತು ನಡೆಯುವಾಗ ಸುಮಾರು 7 ಆಂಪ್ ಎಳೆಯುತ್ತದೆ, ಸುಮ್ನೆ ಕೇಳುತ್ತಾ ಕೂತಾಗ ಅರ್ಧ ಆಂಪ್. ಮೇಲೆ ಇರುವುದು 100 ಆಂಪ್ ಅವರ್ ಬ್ಯಾಟರಿ, ಲೆಡ್ ಆಸಿಡ್, ಅರ್ಧಕ್ಕಿಂತ ಜಾಸ್ತಿ ಇಳಿಸಿದರೆ ಆಯಸ್ಸು ಕಮ್ಮಿ. ಗಂಟೆಗೆ 45 ನಿಮಿಷ ಮಾತಾಡಿದರೆ ಒಂಬತ್ತು ತಾಸಿನಲ್ಲಿ ಆ ಅರ್ಧ ಖಾಲಿ. 15 ನಿಮಿಷ ಆದರೆ ಒಂದು ದಿನ. 5 ನಿಮಿಷ ಆದರೆ ಎರಡು ದಿನ. ಆಷಾಢದಲ್ಲಿ ಲೈನ್ ಮೇಲೆ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದೆ, ಸೋಲಾರ್ ಪ್ಯಾನೆಲ್ ಮೋಡ ನೋಡುತ್ತಾ ಕೂತಿರುವಾಗ ಈ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ. ಸತ್ತ ಬ್ಯಾಟರಿ ಬದಲಿಸಲು ಮೂವತ್ತು ಕೆಜಿ ಹೊತ್ತು ಜಿಗಣೆ ಕಾಡಿನಲ್ಲಿ ಹತ್ತಿದವರಿಗೆ ಇನ್ನೂ ಚೆನ್ನಾಗಿ.

ಸೆಪ್ಟೆಂಬರಿನಿಂದ ನಮ್ಮದರಲ್ಲಿ ಬೇರೆ ಥರ ಮಾಡಿದೆವು. ರಾತ್ರಿ ಎಂಟರಿಂದ ಎಂಟೂವರೆ ನೆಟ್. ಇಂಟರ್ನೆಟ್ ಲಿಂಕ್ ಇಲ್ಲ. ಒಬ್ಬರೇ ಒಂದೇ ಸಮ ಮಾತಾಡಿದರೆ 3 ನಿಮಿಷಕ್ಕೆ ಕಟ್ ಮಾಡುತ್ತಿದ್ದ ಟೈಮರ್ ಒಂದೂವರೆಗೆ. ಬೀಪ್ ಬಂದ ಮೇಲೆ ಮನಸ್ಸಿನಲ್ಲಿ ಎರಡು ಎಣಿಸಿಯೇ ಒತ್ತಬೇಕು. ಹಗಲಲ್ಲಿ ಯಾರು ಬೇಕಾದರೂ ಮಾತಾಡಬಹುದು.

ಈಗ ಎಚ್ಚರ ಇರುವ ಹೊತ್ತಿನಲ್ಲಿ ಗಂಟೆಗೆ ಹತ್ತು ನಿಮಿಷದ ಹತ್ತಿರ ಮಾತು ಇರುತ್ತದೆ. ನನ್ನ ಓಟು ಇದಕ್ಕೇ. ಒಟ್ಟು ಎಷ್ಟು ಮಾತು ಅನ್ನುವುದಕ್ಕಿಂತ ಮಾತಿನ ನಡುವೆ ಸಂದು ಇದೆಯಾ, ಗೊತ್ತಿಲ್ಲದವನು ಒಂದು ಸಲ ಕರೆದರೆ ಯಾರಾದರೂ ಓ ಅಂತಾರಾ, ಅಷ್ಟು ನೋಡಿದರೆ ಸಾಕು. ಅಡಿಕೆ ರೇಟ್ ಮಾತ್ರ ಮಾತಾಡುವ ಹಾಗಿಲ್ಲ, ಹ್ಯಾಮ್‌ನಲ್ಲಿ ವ್ಯಾಪಾರದ ಮಾತು ನಿಷಿದ್ಧ. ಮಲೆನಾಡಿನವರಿಗೆ ಅದು ಬಿಟ್ಟರೆ ಉಳಿಯುವುದು ಮಳೆ ಮತ್ತು ಕೊಳೆ ರೋಗ.

ನಮ್ಮ ಗುಂಪಿನ ಹಿರಿಯರೊಬ್ಬರು ಒಪ್ಪಲಿಲ್ಲ. ‘ಎಂತ ಮಾರಾಯ್ರೆ, ತುರ್ತಿಗೆ ಅಂತ ಇಟ್ಟದ್ದು, ಖಾಲಿ ಇರಲಿ’ ಎಂದರು. ನಾನು 2004ರ ಸುನಾಮಿ ನೆನಪಿಸಿದೆ. ಅವತ್ತು ಪೋರ್ಟ್ ಬ್ಲೇರ್‌ನಿಂದ ಹ್ಯಾಮ್ ಭಾರತಿ ಪ್ರಸಾದ್ ಅವರ ತಂಡ ಸುದ್ದಿ ಕಳಿಸಲು ಆಗಿದ್ದು, ಅವರು ಮೊದಲೇ ಅಲ್ಲಿ ಸ್ಟೇಷನ್ ಹಾಕಿ ಲೋಕದವರ ಜೊತೆಯೆಲ್ಲಾ ಮಾತಾಡುತ್ತಿದ್ದರಿಂದ. ಅದು ರಿಪೀಟರ್ ಅಲ್ಲ, ದೂರ ದೇಶಕ್ಕೆ ಮುಟ್ಟುವ ಎಚ್‌ಎಫ್, ಸರಿ. ಆದರೆ ದಿನಾ ಮಾತಾಡುವವರು ಇದ್ದರೆ ತಾನೆ ದಿನಾ ಕೇಳುವವರು ಇರುವುದು.

ಅವರು ಸುಮ್ಮನಾದರು. ಈಗ ನೆಟ್‌ಗೆ ಮೊದಲು ಬರುವವರೂ ಅವರೇ, ಟೈಮರಿಗೆ ಬಯ್ಯುವವರೂ ಅವರೇ. ಮೊನ್ನೆ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಹೇಳಿಕೊಡುತ್ತಿದ್ದರು. ‘ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಇನ್ನು ಸುಣ್ಣ...’ ಅನ್ನುವಷ್ಟರಲ್ಲಿ ಕಟ್. ಸುಣ್ಣ ಎಷ್ಟು ಎಂದು ಕೇಳಲು ಮೂರು ಜನ ಒಟ್ಟಿಗೆ ಪಿಟಿಟಿ ಒತ್ತಿದರು. ಟೈಮರನ್ನು ಎರಡು ನಿಮಿಷಕ್ಕೆ ಏರಿಸಿದ್ದೇವೆ.